ಚಂದ್ರ ಎಲ್ಲಿ ಅದಾನ, ನಾವು ಎಲ್ಲಿ ಅದೀವಿ

ಆಕಾಶ ತೋರಿಸುವ ಸಾಫ್ಟ್‌ವೇರಿನ ಊರುಗಳ ಪಟ್ಟಿಯಲ್ಲಿ ಬೆಳಗಾವಿ ಸಿಕ್ಕಿತು, ಬೀಡಿ ಸಿಗಲಿಲ್ಲ.

"ಬೀಡಿ ಅಂತ ಹೊಡದ್ರ ಬೀದರ ಬರತೈತಿ," ಎಂದಳು ಹುಡುಗಿ. "ಇರ್ಲಿ, ಬೆಳಗಾವಿನ ಇಟ್ಟಬಿಡ್ತೀನಿ. ಮಹಾ ಎಷ್ಟ ದೂರ?"

"ನೆಟ್ಟಗ ಗೆರಿ ಎಳದ್ರ ಮೂವತ್ತು ಮೂವತ್ತೈದು ಕಿಲೋಮೀಟರ್," ಎಂದರು ಮಾಸ್ತರರು. "ಈಗ ಇಡು. ಆಮ್ಯಾಲ ನೋಡೂಣು."

ಖಾನಾಪುರ ತಾಲೂಕಿನ ಬೀಡಿ, ನಂದಗಡಕ್ಕೂ ಕಿತ್ತೂರಿಗೂ ನಡುವಿನ ಊರು. ಒಂದು ಕಡೆ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲ, ಇನ್ನೊಂದು ಕಡೆ ಚೆನ್ನಮ್ಮನ ಕೋಟೆ. ಹೊರಗಿನವರಿಗೆ ಹೆಸರು ಹೇಳಿದರೆ ಮೊದಲು ಬೆಂಕಿಪೊಟ್ಟಣ ಹುಡುಕಿದ ಹಾಗೆ ನಗುತ್ತಾರೆ. ಊರವರಿಗೆ ಅದು ಹಳೆಯ ಜೋಕು.

ಮಾಘ ಶುಕ್ಲ ದಶಮಿಯ ರಾತ್ರಿ, ಹನ್ನೊಂದರ ಹೊತ್ತು. ಮಾಳಿಗೆಯ ಮೇಲೆ ಮೂವರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಮೂರಿಂಚಿನ ದೂರದರ್ಶಕ ಅವರದು. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ, ಲ್ಯಾಪ್‌ಟಾಪು ಅವಳದು. ಮೂರನೆಯವರು ಹುಡುಗಿಯ ಕಾಕಾ. ಪೂಜೆ, ಪಂಚಾಂಗ, ಚಹಾದ ಥರ್ಮಾಸು ಅವರ ಪಾಲಿಗೆ. ಚಂದ್ರ ಆಗಲೇ ಪಡುವಣಕ್ಕೆ ವಾಲಿದ್ದ. ಅವನ ಕತ್ತಲೆ ಅಂಚಿನ ಮುಂದೆ, ವೃಷಭ ರಾಶಿಯ ಒಂದು ಮಂಕು ನಕ್ಷತ್ರ. ಸ್ವಲ್ಪ ಹೊತ್ತಿಗೆ ಚಂದ್ರ ಅದನ್ನು ನುಂಗಬೇಕು. ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲದ್ದರಿಂದ ಅಂಚಿಗೆ ಬಂದ ನಕ್ಷತ್ರ ಮೆಲ್ಲಗೆ ಮಸುಕಾಗುವುದಿಲ್ಲ, ಟಪ್ಪನೆ ಆರುತ್ತದೆ. ಅದನ್ನು ನೋಡಲಿಕ್ಕೇ ಆ ಚಳಿಯಲ್ಲಿ ಕೂತದ್ದು.

ಪರದೆ ಮಾತ್ರ ಬೇರೆ ಕತೆ ಹೇಳುತ್ತಿತ್ತು. ಅಲ್ಲಿ ಚಂದ್ರನಿಗೂ ನಕ್ಷತ್ರಕ್ಕೂ ನಡುವೆ ಎದ್ದು ಕಾಣುವಷ್ಟು ಜಾಗ. ನುಂಗುವ ಮಾತೇ ಇಲ್ಲ.

"ಸಾಫ್ಟ್‌ವೇರ್ ಕೆಟ್ಟೈತ್ರಿ ಸರ್. ಸ್ಟೆಲೇರಿಯಂ ಅಂದ್ರ ದೊಡ್ಡ ಹೆಸರು, ನೋಡಿದ್ರ ಹಿಂಗ."

"ಅದು ಕೆಟ್ಟಿಲ್ಲ. ನೀ ಭೂಮಿ ನಟ್ಟನಡುವ ಹೋಗಿ ಕುಂತೀದಿ."

ಹುಡುಗಿಗೆ ತಿಳಿಯಲಿಲ್ಲ. ಮಾಸ್ತರರು ಸೆಟ್ಟಿಂಗ್ ತೆಗೆಸಿ ಒಂದು ಚೌಕಕ್ಕೆ ಬೆರಳಿಟ್ಟರು. ಟೋಪೋಸೆಂಟ್ರಿಕ್ ಎಂದಿತ್ತು, ಗುರುತು ಇರಲಿಲ್ಲ. ಗುರುತು ಹಾಕಿದರೆ ಲೆಕ್ಕ ನಾವು ನಿಂತ ಜಾಗದಿಂದ. ತೆಗೆದರೆ ಭೂಮಿಯ ಕೇಂದ್ರದಿಂದ. ಗುರು, ಶನಿಯಂಥ ದೂರದವರಿಗೆ ಎರಡೂ ಒಂದೇ ಎನ್ನಬಹುದು. ಚಂದ್ರ ಹತ್ತಿರದವನು, ಸರಾಸರಿ 3,84,400 ಕಿಲೋಮೀಟರ್. ಭೂಮಿಯ ತ್ರಿಜ್ಯ 6,378. ಹಾಗಾಗಿ ದಿಗಂತದಲ್ಲಿರುವ ಚಂದ್ರ ಕೇಂದ್ರದಿಂದ ನೋಡಿದ್ದಕ್ಕಿಂತ 57 ಕಲೆಯಷ್ಟು ಕೆಳಗೆ ಕಾಣುತ್ತಾನೆ. ನೆತ್ತಿಯ ಮೇಲಿದ್ದರೆ ವ್ಯತ್ಯಾಸ ಸೊನ್ನೆ. ಡಿಗ್ರಿಗೆ 60 ಕಲೆ, ಕಲೆಗೆ 60 ವಿಕಲೆ. ಚಂದ್ರಬಿಂಬದ ಅಗಲವೇ ಸುಮಾರು 31 ಕಲೆ. ಆ ರಾತ್ರಿಯ ಎತ್ತರಕ್ಕೆ ಹೆಚ್ಚುಕಡಿಮೆ ನಲವತ್ತು ಕಲೆ ಬರುತ್ತದೆ, ಅಂದರೆ ಒಂದು ಚಂದ್ರ ಮತ್ತು ಮೇಲೆ ಸ್ವಲ್ಪ.

"ಲಂಬನ," ಎಂದರು ಕಾಕಾ, ಚಹಾ ಬಗ್ಗಿಸುತ್ತ.

"ಅದ. ನಿಮ್ಮ ಪುಸ್ತಕದಾಗ ಲಂಬನ, ಇವಳ ಪುಸ್ತಕದಾಗ ಪ್ಯಾರಲಾಕ್ಸ್."

"ಆದ್ರ ಆ ಗುರುತು ತಗದಾಕಿ ಇಕೀನ," ಕಾಕಾ ನಕ್ಕರು. "ಮಧ್ಯಾಹ್ನ ನನ್ನ ಪಂಚಾಂಗ ತಪ್ಪು ಅಂತ ತೋರಸಾಕ ಹೊಂಟಿದ್ಲು. ದಶಮಿ ಮುಗಿಯೂ ಟೈಮ್ ತಾಳಿ ಆಗಲಿಲ್ಲ. ಅದನ್ನ ತಗದ ಮ್ಯಾಲ ಆತು."

ಈ ಒಂದು ಮಾತಿನಲ್ಲಿ ಆ ರಾತ್ರಿಯ ಅರ್ಧ ಪಾಠವಿತ್ತು. ತಿಥಿ ಎಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಹೋಗುವ ಹೊತ್ತು, ಮತ್ತು ಅದನ್ನು ಭೂಮಿಯ ಕೇಂದ್ರಕ್ಕೇ ಲೆಕ್ಕ ಹಾಕುವುದು ಸಂಪ್ರದಾಯ. ಹಾಗಿರುವುದರಿಂದಲೇ ದಶಮಿ ಬೀಡಿಗೂ ಕಾಶಿಗೂ ಒಂದೇ ಗಳಿಗೆಗೆ ಮುಗಿಯುತ್ತದೆ. ಬೇರೆಯಾಗುವುದು ಊರೂರಿನ ಸೂರ್ಯೋದಯ. ಸೂರ್ಯಗ್ರಹಣದ ಅಧ್ಯಾಯಕ್ಕೆ ಬಂದ ಕೂಡಲೇ ಅದೇ ಶಾಸ್ತ್ರ ಲಂಬನ ತೆಗೆಯಲೇಬೇಕು ಎನ್ನುತ್ತದೆ, ಯಾಕೆಂದರೆ ಗ್ರಹಣ ಕಾಣುವುದು ನಿಂತ ನೆಲಕ್ಕೆ. ಅಂದರೆ ಈ ಗುರುತಿನ ಚೌಕ ಪಂಚಾಂಗದವರಿಗೆ ಸಾವಿರ ವರ್ಷಕ್ಕೂ ಹಳೆಯದು. ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎನ್ನುವುದನ್ನು ಅವರು ಕೇಳಿದ ಪ್ರಶ್ನೆ ನೋಡಿ ತೀರ್ಮಾನಿಸುತ್ತಿದ್ದರು.

ಹುಡುಗಿ ಗುರುತು ಹಾಕಿದಳು. ಪರದೆಯ ಚಂದ್ರ ಸರಕ್ಕನೆ ಕೆಳಗಿಳಿದು ನಕ್ಷತ್ರದ ಎದುರಿಗೆ ನಿಂತ. ಗಡಿಯಾರ ಮುಂದೋಡಿಸಿ ನೋಡಿದಾಗ ನಕ್ಷತ್ರ ಆರುವ ಸಮಯ 11 ಗಂಟೆ 24 ನಿಮಿಷ 10 ಸೆಕೆಂಡು.

ಮಾಸ್ತರರು ಕಣ್ಣು ಕೊಟ್ಟರು. ಹುಡುಗಿ ಮೊಬೈಲಿನ ಸಮಯ ಓದುತ್ತ ಹೋದಳು. ಹತ್ತು ಸೆಕೆಂಡು ಬಂತು, ಹೋಯಿತು. ನಕ್ಷತ್ರ ಅಲ್ಲೇ ಇತ್ತು. ಇಪ್ಪತ್ತು. ಮೂವತ್ತು ಎನ್ನುವಾಗ ಮಾಸ್ತರರು "ಹೋತು!" ಎಂದು ಕೂಗಿದರು. ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

"ಇಪ್ಪತ್ತು ಸೆಕೆಂಡ್ ತಪ್ಪು," ಹುಡುಗಿಗೆ ಸಿಟ್ಟೇ ಬಂತು. "ಡಿಇ 441 ಹಾಕೊಳ್ಳಲಿಲ್ಲ, ಅದಕ್ಕ ಹಿಂಗ. ಇದು ಇನ್ನೂ ಹಳೇ ವಿಎಸ್‌ಒಪಿ ಮ್ಯಾಲ ನಡದೈತಿ. ಎರಡೂವರಿ ಜಿಬಿ ಐತ್ರಿ ಫೈಲು, ಈಗ ಇಳಿಸಲೇನು?"

"ಬೀಡಿ ನೆಟ್‌ವರ್ಕಿನಾಗ? ಮುಂದಿನ ಏಕಾದಶಿಗೆ ಇಳೀತೈತಿ," ಎಂದರು ಕಾಕಾ.

"ಇಳಿಸೂದು ಬ್ಯಾಡ," ಮಾಸ್ತರರು ಕುರ್ಚಿ ಎಳೆದುಕೊಂಡು ಕೂತರು. "ಮೊದಲ ಅದೇನಂತ ತಿಳಕೊ. ಆಕಾಶದಾಗ ಗ್ರಹ ಎಲ್ಲಿ ಐತಿ ಅಂತ ಹೇಳಾಕ ಎರಡು ದಾರಿ ಅದಾವ. ಒಂದು, ಸೂತ್ರ. ಪ್ಯಾರಿಸ್ಸಿನ ಬ್ರೆತಾಞೋ ಮತ್ತ ಫ್ರಾಂಕೂ 1988ರಾಗ ಪ್ರಕಟ ಮಾಡಿದ ವಿಎಸ್‌ಒಪಿ 87 ಅಂಥಾದ್ದು. ಸಾಲು ಸಾಲು ಕೋಸೈನ್ ಪದಗಳು, ದೊಡ್ಡವು ಮೊದಲ, ಬರಬರತ ಸಣ್ಣವು. ಸಂತ್ಯಾಗ ಲೆಕ್ಕ ಮಾಡೂವಾಗ ನಾವು ರೂಪಾಯಿ ಹಿಡೀತೀವಿ, ಪೈಸಾ ಬಿಡ್ತೀವಿ ನೋಡು, ಹಂಗ. ಎಷ್ಟು ಸಾಲಿಗೆ ನಿಲ್ಲಸ್ತಿ ಅನ್ನೂದರ ಮ್ಯಾಲ ನಿಖರತೆ. ಇನ್ನೊಂದು ದಾರಿ, ಅಮೆರಿಕದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯವರದು, ನಿನ್ನ ಡಿಇ ಅಂದ್ರ ಅದ. ಅವರು ಸೂತ್ರ ಕೊಡೂದಿಲ್ಲ. ಸೂರ್ಯ, ಗ್ರಹ, ಚಂದ್ರ, ನೂರಾರು ಕ್ಷುದ್ರಗ್ರಹ, ಎಲ್ಲಾ ಒಂದಕ್ಕೊಂದು ಎಳಿಯೂದನ್ನ ಕಂಪ್ಯೂಟರಿನಾಗ ಹೆಜ್ಜಿ ಹೆಜ್ಜಿ ನಡಿಸಿ, ಬಂದ ಉತ್ತರ ಫೈಲಿನಾಗ ತುಂಬಿ ಕೊಡತಾರ. ಅಪೊಲೊ ಮಂದಿ ಚಂದ್ರನ ಮ್ಯಾಲ ಬಿಟ್ಟು ಬಂದ ಕನ್ನಡಿಗೆ ಲೇಸರ್ ಹೊಡದು, ಸೆಂಟಿಮೀಟರ್ ಲೆಕ್ಕದಾಗ ದೂರ ಅಳದು, ಅದಕ್ಕ ತಾಳಿ ಮಾಡತಾರ."

"ಹಂಗಾದ್ರ ಅದ ಛಲೋ ಅಲ್ಲೇನ್ರಿ?"

"ಛಲೋನ. ಬಾಹ್ಯಾಕಾಶ ನೌಕೆ ಕಳಸವ್ರಿಗೆ ಅದ ಬೇಕು. ಆದ್ರ ನಿನ್ನ ವಿಎಸ್‌ಒಪಿ ಬುಧ, ಶುಕ್ರ, ಭೂಮಿ, ಮಂಗಳಕ್ಕ 2000ದಿಂದ ಹಿಂದ ನಾಲ್ಕು ಸಾವಿರ, ಮುಂದ ನಾಲ್ಕು ಸಾವಿರ ವರ್ಷ ಒಂದು ವಿಕಲೆ ಒಳಗ ಹೇಳತೈತಿ. ಗುರು ಶನಿಗೆ ಎರಡೆರಡು ಸಾವಿರ ವರ್ಷ. ಚಂದ್ರಗ ಬ್ಯಾರೆ ಫ್ರೆಂಚ್ ಸೂತ್ರ ಐತಿ, ಇಎಲ್‌ಪಿ. ಈ ಕಾಲಕ್ಕ ಅದೂ ಅಷ್ಟ ಗಟ್ಟಿ. ಚಂದ್ರ ಸೆಕೆಂಡಿಗೆ ಅರ್ಧ ವಿಕಲೆ ನಡೀತಾನ. ಸೂತ್ರದ್ದ ತಪ್ಪು ಅಂದ್ರ ಒಂದೆರಡು ಸೆಕೆಂಡ್ ಆಗಬೇಕು. ಇಪ್ಪತ್ತು ಎಲ್ಲಿಂದ ಬರತೈತಿ?"

ದೊಡ್ಡ ಫೈಲಿನ ಬಗ್ಗೆ ಇನ್ನೊಂದು ಮಾತು ಮಾಸ್ತರರು ಆಮೇಲೆ ಹೇಳಿದರು; ಓದುಗರಿಗೆ ಈಗಲೇ ಹೇಳಬೇಕು. ಡಿಇ 440 ಎನ್ನುವ ಚಿಕ್ಕ ಕಡತ ನೂರು ಎಂಬಿಯ ಆಸುಪಾಸು, 1550ರಿಂದ 2650ರವರೆಗೆ. ಡಿಇ 441 ಕ್ರಿಸ್ತಪೂರ್ವ ಹದಿಮೂರು ಸಾವಿರದಿಂದ ಕ್ರಿಸ್ತಶಕ ಹದಿನೇಳು ಸಾವಿರ ದಾಟುತ್ತದೆ. ಗಾತ್ರ ನೋಡಿ ದೊಡ್ಡದೇ ಹೆಚ್ಚು ನಿಖರ ಎಂದುಕೊಂಡರೆ ಮೋಸ. ಚಂದ್ರನ ಒಳಗಿನ ದ್ರವಗರ್ಭ ಹೊರಗಿನ ಪದರಕ್ಕೆ ಉಜ್ಜುವುದರಿಂದ ಆಗುವ ಸಣ್ಣ ತಡೆಯನ್ನು 440 ಲೆಕ್ಕಕ್ಕೆ ಹಿಡಿಯುತ್ತದೆ. ಸಾವಿರಾರು ವರ್ಷ ಹಿಂದಕ್ಕೆ ಓಡಿಸಿದರೆ ಅದೇ ಪದ ಅತಿಯಾಗಿ ಬೆಳೆದು ಲೆಕ್ಕ ಕೆಡಿಸುವುದರಿಂದ 441ರಲ್ಲಿ ಅದನ್ನು ಬಿಟ್ಟಿದ್ದಾರೆ. ಈ ಶತಮಾನದ ಚಂದ್ರನಿಗೆ ಚಿಕ್ಕ ಫೈಲೇ ವಾಸಿ.

ಕಾಕಾ ಅಷ್ಟು ಹೊತ್ತು ಸುಮ್ಮನಿದ್ದವರು ಬಾಯಿ ತೆಗೆದರು. "ಪೈಸಾ ಬಿಡೂ ಲೆಕ್ಕ ನಮ್ಮಲ್ಲೂ ಐತಿ. ಸಿದ್ಧಾಂತ ಅಂದ್ರ ಪೂರಾ ಲೆಕ್ಕ, ಯುಗದ ಮೊದಲಿಂದ. ಕರಣ ಅಂದ್ರ ಸಲೀಸು ಲೆಕ್ಕ, ಹತ್ತರದ ಒಂದು ದಿನದಿಂದ. ಭಾಸ್ಕರಾಚಾರ್ಯ ಎರಡೂ ಬರದಾನ. ನಮ್ಮಜ್ಜ ಹಿಡಕೊಂಡಿದ್ದು ಗ್ರಹಲಾಘವ."

ಗಣೇಶ ದೈವಜ್ಞನ ಗ್ರಹಲಾಘವ 1520ರದು. ಕೊಂಕಣ ಕರಾವಳಿಯ ನಂದಿಗ್ರಾಮದ ಈ ಗಣಿತಜ್ಞ ಜ್ಯಾ ಕೋಷ್ಟಕವನ್ನೇ, ಇಂದಿನ ಮಾತಿನಲ್ಲಿ ಸೈನ್ ಪಟ್ಟಿಯನ್ನೇ, ಕೈಬಿಟ್ಟು ಬರೀ ಗುಣಾಕಾರ ಭಾಗಾಕಾರದಲ್ಲಿ ಗ್ರಹ ಹಿಡಿದ. ಕಲಿಯುಗದಿಂದ ಇಂದಿನವರೆಗೆ ದಿನ ಎಣಿಸಿದರೆ ಹದಿನೆಂಟು ಲಕ್ಷ ದಾಟುತ್ತದೆ. ಸ್ಲೇಟಿನ ಮೇಲೆ ಅದು ಯಾತನೆ. ಆತ 4,016 ದಿನಗಳ, ಅಂದರೆ ಸುಮಾರು ಹನ್ನೊಂದು ವರ್ಷಗಳ ಚಕ್ರ ಕಟ್ಟಿ ಅಂಕಿಗಳನ್ನು ಸಣ್ಣದು ಮಾಡಿಟ್ಟ. ಹಾಗಾಗಿಯೇ ಮಹಾರಾಷ್ಟ್ರ, ಉತ್ತರ ಕರ್ನಾಟಕದ ಪಂಚಾಂಗಕರ್ತರು ಶತಮಾನಗಟ್ಟಲೆ ಅದನ್ನು ಬಿಡಲಿಲ್ಲ. ಬೆಂಗಳೂರಿನ ಎಸ್. ಬಾಲಚಂದ್ರರಾವ್ ಮತ್ತು ಎಸ್.ಕೆ. ಉಮಾ ಅದನ್ನು ಗಣಿತ ಟಿಪ್ಪಣಿಗಳೊಂದಿಗೆ ಇಂಗ್ಲಿಷಿಗೆ ತಂದಿದ್ದಾರೆ. ಓದಿದರೆ ಪ್ರೋಗ್ರಾಮ್ ಬರೆಯುವವರಿಗೆ ತಮ್ಮವನೇ ಒಬ್ಬ ಸಿಕ್ಕ ಹಾಗಾಗುತ್ತದೆ.

"ಆದ್ರ ಅದರಾಗ ತಿಥಿ ತಾಸುಗಟ್ಟಲೆ ತಪ್ತಿತ್ತಂತಲ್ರಿ ಕಾಕಾ?"

"ತಪ್ತಿತ್ತು," ಕಾಕಾ ಒಪ್ಪಿಕೊಂಡರು, ಮುಖ ಸ್ವಲ್ಪ ಸಣ್ಣದಾಯಿತು. "ಐದು, ಆರು ತಾಸು ಆಗೂ ದಿನಾನೂ ಇರ್ತಿದ್ವು."

ಕಾರಣ ಚಂದ್ರನದೇ. ಅವನ ಓಟದ ದೊಡ್ಡ ಏರುಪೇರು ಒಂದು, ಐದಾರು ಡಿಗ್ರಿಯದು. ಹಳೆಯ ಗ್ರಂಥಗಳು ಸಾಮಾನ್ಯವಾಗಿ ಹಿಡಿದದ್ದು ಅದೊಂದನ್ನೇ. ಅದರ ಮೇಲೆ ಸೂರ್ಯನ ಎಳೆತದಿಂದ 1 ಡಿಗ್ರಿ 16 ಕಲೆಯ ಇನ್ನೊಂದು, ಸುಮಾರು 40 ಕಲೆಯ ಮತ್ತೊಂದು, ಹೀಗೆ ಸಾಲಾಗಿ ಇವೆ. ಎಲ್ಲ ಒಂದೇ ಕಡೆ ವಾಲಿದ ದಿನ ತಿಥಿ ತಾಸುಗಟ್ಟಲೆ ಜಾರುತ್ತದೆ.

ಅದನ್ನು ಸರಿಪಡಿಸಲು ಹೊರಟವರಲ್ಲಿ ಒಬ್ಬರು ಈ ಕಡೆಯವರೇ. ನರಗುಂದದಲ್ಲಿ 1854ರಲ್ಲಿ ಹುಟ್ಟಿದ ವೆಂಕಟೇಶ ಬಾಪೂಜಿ ಕೇತ್ಕರ್ ಬಾಗಲಕೋಟೆಯಲ್ಲಿ ಶಾಲಾ ಮಾಸ್ತರರಾಗಿದ್ದವರು. ಯುರೋಪಿನ ಹೊಸ ಕೋಷ್ಟಕಗಳ ನಿಖರತೆಯನ್ನು ಪಂಚಾಂಗದ ಭಾಷೆಗೆ ತಂದು 1898ರಲ್ಲಿ 'ಜ್ಯೋತಿರ್ಗಣಿತಂ' ಬರೆದರು, ಸಂಸ್ಕೃತದಲ್ಲಿ. 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ನೆಪ್ಚೂನ್ ಆಚೆ ಗ್ರಹವಿದೆ, ಅದರ ದೂರ ಭೂಮಿ-ಸೂರ್ಯರ ದೂರದ 38.95 ಪಟ್ಟು, ಸುತ್ತು 242.28 ವರ್ಷ ಎಂದು ಬರೆದರು. ಹೆಸರನ್ನೂ ಇಟ್ಟಿದ್ದರು, ಬ್ರಹ್ಮ ಎಂದು. 1930ರಲ್ಲಿ ಸಿಕ್ಕ ಪ್ಲೂಟೊ 39.48 ಪಟ್ಟು ದೂರದಲ್ಲಿ, 248 ವರ್ಷದ ಸುತ್ತಿನಲ್ಲಿತ್ತು. ಅದೇ ವರ್ಷ ಕೇತ್ಕರರು ತೀರಿಕೊಂಡರು.

"ಅಬ್ಬಾ!" ಎಂದಳು ಹುಡುಗಿ.

"ಅಬ್ಬಾ ಅನ್ನಬ್ಯಾಡ, ಪೂರಾ ಕೇಳು," ಮಾಸ್ತರರು ತಡೆದರು. "ಅವರು ನೆಪ್ಚೂನ್ ಜೋಡಿ ಬ್ಯಾರೆ ತಾಳ ಹಿಡಿದ್ರು. ಖರೇ ತಾಳ ಎರಡಕ್ಕ ಮೂರು. ಅಂಕಿ ಹತ್ತರ ಬಂತು, ಕಾರಣ ಬರಲಿಲ್ಲ. ನನಗ ಅವರು ದೊಡ್ಡವ್ರು ಅನಸೂದು ಪ್ಲೂಟೊ ಸಲುವಾಗಿ ಅಲ್ಲ, ಕಾಕಾನ ತಿಥಿ ಸಲುವಾಗಿ. ಮತ್ತ ಪ್ಲೂಟೊ ಮಾತು ಬಂತಂತ ಹೇಳ್ತೀನಿ, ನಿನ್ನ ವಿಎಸ್‌ಒಪಿಯಾಗ ಪ್ಲೂಟೊನ ಇಲ್ಲ. ಅದಕ್ಕ ಮೇಯಸ್ ಅನ್ನವ್ರು ಬರದ ಬ್ಯಾರೆ ಸೂತ್ರ ಬಳಸತಿದ್ರು, 1885ರಿಂದ 2099ರ ತನಕ ಮಾತ್ರ. ಅದರಾಚೆ ಹೋದ್ರ ಪರದೆಮ್ಯಾಲ ಪ್ಲೂಟೊ ಕಾಣತೈತಿ, ಆದ್ರ ನಂಬಬಾರದು."

ಥರ್ಮಾಸಿನಲ್ಲಿ ಉಳಿದದ್ದು ಮೂರು ಗುಟುಕು. ಹುಡುಗಿ ಪಟ್ಟು ಬಿಡಲಿಲ್ಲ. ಹಾಗಾದರೆ ದೊಡ್ಡ ಫೈಲು ಯಾರಿಗೆ, ಹಲಸಿಯ ಕದಂಬರ ತಾಮ್ರಪಟಗಳ ಕಾಲಕ್ಕೆ ಹೋಗುವವರಿಗಾದರೂ ಬೇಡವೇ ಎಂದು ಕೇಳಿದಳು. ಹಲಸಿ ಅವಳಿಗೆ ದೂರದ ಊರಲ್ಲ, ಇದೇ ತಾಲೂಕಿನದು. ಅಲ್ಲಿ ಸಿಕ್ಕ ಪಟಗಳನ್ನು ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ.

"ಬೇಕು. ಆದ್ರ ಅಲ್ಲಿ ಪೆಟ್ಟು ಕೊಡೂದು ಗ್ರಹ ಅಲ್ಲ, ಭೂಮಿ," ಎಂದರು ಮಾಸ್ತರರು. "ಡೆಲ್ಟಾ ಟಿ ಅಂತ ಒಂದು ಪಟ್ಟಿ ಐತಿ ನೋಡು ಸೆಟ್ಟಿಂಗಿನಾಗ, ಹತ್ತಿಪ್ಪತ್ತು ಹೆಸರು ಅದಾವ. ಯಾರೂ ಮುಟ್ಟೂದಿಲ್ಲ. ಅದ ಎಲ್ಲಾದರ ತಾಯಿ."

ಭೂಮಿಯ ಸುತ್ತು ನಿಧಾನವಾಗುತ್ತಿದೆ. ಚಂದ್ರ ಎಬ್ಬಿಸುವ ಉಬ್ಬರ ಅದಕ್ಕೆ ಮುಖ್ಯ ಕಾರಣ. ಏಕಪ್ರಕಾರವಾಗಿ ನಡೆಯುವ ಗಡಿಯಾರಕ್ಕೂ ಭೂಮಿಯ ತಿರುಗಾಟದ ಗಡಿಯಾರಕ್ಕೂ ಇರುವ ಅಂತರವೇ ಡೆಲ್ಟಾ ಟಿ. ಈಗ ಅದು 69 ಸೆಕೆಂಡು. ಶತಮಾನಗಳಷ್ಟು ಹಿಂದಕ್ಕೆ ಹೋದಂತೆ ಬೆಳೆಯುತ್ತದೆ. ಎಂಟನೆಯ ಶತಮಾನದ ನಡುವಿಗೆ ಸುಮಾರು 56 ನಿಮಿಷ. ಪಟ್ಟದಕಲ್ಲಿನಲ್ಲಿ ಇಮ್ಮಡಿ ಕೀರ್ತಿವರ್ಮನ ಕಾಲದ ಕಂಬವೊಂದಿದೆ, ಎರಡು ಲಿಪಿಯಲ್ಲಿ ಕೊರೆದದ್ದು. ಅದರಲ್ಲಿ ಶ್ರಾವಣ ಅಮಾವಾಸ್ಯೆಯ ಪೂರ್ಣ ಸೂರ್ಯಗ್ರಹಣದ ಮಾತಿದೆ. ವಿದ್ವಾಂಸರು ಅದನ್ನು 754ರ ಜೂನ್ 25 ಎಂದು ಗುರುತಿಸಿದ್ದಾರೆ. ಸಾಫ್ಟ್‌ವೇರಿನಲ್ಲಿ ಆ ದಿನಕ್ಕೆ ಹೋಗಿ ಡೆಲ್ಟಾ ಟಿ ಸೊನ್ನೆ ಮಾಡಿದರೆ ಗ್ರಹಣದ ದಾರಿ 14 ಡಿಗ್ರಿ ಪಕ್ಕಕ್ಕೆ ಜರುಗುತ್ತದೆ. ಈ ಅಕ್ಷಾಂಶದಲ್ಲಿ ಅದು 1,500 ಕಿಲೋಮೀಟರ್. ಒಂದೇ ಒಂದು ನಿಮಿಷ ತಪ್ಪಿದರೂ 27 ಕಿಲೋಮೀಟರ್, ಹೆಚ್ಚುಕಡಿಮೆ ಬೆಳಗಾವಿಯಿಂದ ಖಾನಾಪುರ.

ಆಟ ಹಿಮ್ಮುಖವಾಗಿಯೂ ನಡೆಯುತ್ತದೆ. ಕಲ್ಲು ಹೇಳಿದ್ದನ್ನು ನಂಬಿ, ಅಲ್ಲಿ ನೆರಳು ಬೀಳಬೇಕಾದರೆ ಭೂಮಿ ಎಷ್ಟು ತಿರುಗಿರಬೇಕು ಎಂದು ಕೇಳಬಹುದು. ಬ್ಯಾಬಿಲೋನ್, ಚೀನಾ, ಅರಬರ ದಾಖಲೆಗಳಿಂದ ಡೆಲ್ಟಾ ಟಿ ಹುಟ್ಟಿದ್ದು ಹಾಗೆಯೇ. ಬೆಂಗಳೂರಿನ ನೆಹರೂ ತಾರಾಲಯದ ಬಿ.ಎಸ್. ಶೈಲಜಾ ಮತ್ತು ಗೀತಾ ಕೈದಾಳ ಗಣೇಶ ಶಾಸನಗಳಲ್ಲಿನ ಗ್ರಹಣ, ಸಂಕ್ರಮಣ, ಗ್ರಹಯುತಿಗಳನ್ನು ಹುಡುಕಿ 2016ರಲ್ಲಿ ಒಂದು ಪುಸ್ತಕವನ್ನೇ ತಂದರು. ಕೆಲವು ದಾನಶಾಸನಗಳು ಗ್ರಹಣ ಕಂಡಿತೆಂದು ಬರೆದವೋ, ಪಂಚಾಂಗದಲ್ಲಿ ಇತ್ತೆಂದು ಬರೆದವೋ ಎನ್ನುವುದು ಬೇರೆ ತಕರಾರು. ದಾನ ಕೊಡುವವನಿಗೆ ಪುಣ್ಯಕಾಲ ಸಿಕ್ಕರೆ ಸಾಕಾಗಿತ್ತು.

"ಎಂಬತ್ತರಾಗ ನಾವು ನೋಡಿದ್ವಿ," ಎಂದರು ಕಾಕಾ.

1980ರ ಫೆಬ್ರುವರಿ 16ರ ಪೂರ್ಣ ಗ್ರಹಣ. ಕರಾವಳಿಯಲ್ಲಿ ಅಂಕೋಲೆಯ ಕಡೆಯಿಂದ ಒಳಗೆ ಬಂದ ನೆರಳು ಹುಬ್ಬಳ್ಳಿಯ ಮೇಲೆ ಹಾದು ರಾಯಚೂರಿನತ್ತ ಹೋಯಿತು. ಭಾರತೀಯ ಖಭೌತ ಸಂಸ್ಥೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿತ್ತು. ಬೆಳಗಾವಿ ಆ ನೆರಳಿನ ಪಟ್ಟಿಯ ಹೊರಗೆ. ನೆರಳಿನ ಅಂಚು ಹುಬ್ಬಳ್ಳಿ, ಬೆಳಗಾವಿಗಳ ನಡುವೆ ಎಲ್ಲೋ ಹೊಲಗಳ ಮೇಲೆ ಓಡಿತು. ಅಂಚಿನಲ್ಲಿ ನಿಂತವನಿಗೆ ಒಂದೆರಡು ಕಿಲೋಮೀಟರ್ ಎಂದರೆ ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸ. ಅಲ್ಲಿ ಊರಿನ ಹೆಸರಲ್ಲ, ಹೊಲದ ಸರ್ವೆ ನಂಬರು ಕೊಡಬೇಕು.

ಹುಡುಗಿ ತಟ್ಟನೆ ನೆಟ್ಟಗೆ ಕೂತಳು. "ಸರ್. ಬೆಳಗಾವಿ."

"ಈಗ ಬಂದಿ ದಾರಿಗೆ."

34 ಕಿಲೋಮೀಟರನ್ನು 3,84,400ರಿಂದ ಭಾಗಿಸಿದರೆ ಕೋನ 18 ವಿಕಲೆ. ಎರಡು ಊರಿನಲ್ಲಿ ಒಂದೇ ಗಳಿಗೆಗೆ ನೋಡಿದ ಚಂದ್ರ ನಕ್ಷತ್ರಗಳ ಹಿನ್ನೆಲೆಯಲ್ಲಿ ಅಷ್ಟರವರೆಗೂ ಸರಿದಿರಬಹುದು. ಸೆಕೆಂಡಿಗೆ ಅರ್ಧ ವಿಕಲೆಯ ಓಟಕ್ಕೆ ಅದು ಹತ್ತರಿಂದ ಮೂವತ್ತು ಸೆಕೆಂಡು, ನಕ್ಷತ್ರ ಅಂಚಿನ ಯಾವ ಭಾಗಕ್ಕೆ ತಾಗಿತು ಎನ್ನುವುದರ ಮೇಲೆ. ಹುಡುಗಿ ಮೊಬೈಲಿನ ನಕ್ಷೆ ತೆರೆದು ಮಾಳಿಗೆಯ ಮೇಲೆ ಬೆರಳು ಒತ್ತಿ ಹಿಡಿದಳು. ಬಂದ ಎರಡು ಸಂಖ್ಯೆಗಳನ್ನು ದಶಮಾಂಶದ ಐದನೆಯ ಸ್ಥಾನದವರೆಗೆ ಸೆಟ್ಟಿಂಗಿನಲ್ಲಿ ಬರೆದಳು. ಸಮುದ್ರಮಟ್ಟದಿಂದ ಎತ್ತರ ಕೇಳಿತು, ಅದನ್ನೂ ತುಂಬಿದಳು. ಊರಿನ ಹೆಸರಿನ ಜಾಗದಲ್ಲಿ 'ಬೀಡಿ, ನಮ್ಮ ಮಾಳಿಗಿ' ಎಂದು ಬರೆದು ಗಡಿಯಾರವನ್ನು ಹಿಂದಕ್ಕೆ ಓಡಿಸಿದಳು.

11 ಗಂಟೆ 24 ನಿಮಿಷ 28 ಸೆಕೆಂಡು.

"ಎರಡು ಸೆಕೆಂಡ್ ಉಳೀತು," ಎಂದಳು.

"ಅದರಾಗ ಒಂದು ನಂದು. ಕಣ್ಣು ಕಂಡು ಬಾಯಿ ಕೂಗಾಕ ಹೊತ್ತು ಹಿಡೀತೈತಿ ಈ ವಯಸ್ಸಿನಾಗ."

"ಇನ್ನೊಂದಕ್ಕ ನಾಳೆ 440 ಹಾಕ್ತೀನಿ. ನೂರು ಎಂಬಿ ಇಳೀತೈತಿ ಬೀಡಿನಾಗೂ."

ಕಾಕಾ ಶಾಲು ಕೊಡವಿ ಎದ್ದರು. "ನಕ್ಷತ್ರ ಆಚೆ ಕಡೆ ಯಾವಾಗ ಬರತೈತಂತ?"

ಹುಡುಗಿ ನೋಡಿ ಹೇಳಿದಳು: ಹನ್ನೆರಡೂ ಇಪ್ಪತ್ತರ ಮೇಲೆ, ಬೆಳಕಿನ ಅಂಚಿನಲ್ಲಿ. ಅಷ್ಟು ಬೆಳಕಿನ ಪಕ್ಕ ಮಂಕು ನಕ್ಷತ್ರ ಹಿಡಿಯುವುದು ಕಷ್ಟ ಎಂದು ಮಾಸ್ತರರು ಆಗಲೇ ದೂರದರ್ಶಕದ ಮುಚ್ಚಳ ಹಾಕುತ್ತಿದ್ದರು. ಕಾಕಾ ಪಂಚಾಂಗ ಬಗಲಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿಯುತ್ತ ತಿರುಗಿ, ಆ ಗುರುತಿನ ಚೌಕವನ್ನು ಮತ್ತೆ ತೆಗೆದಿಡಲು ಹೇಳಿದರು. ನಾಳೆ ಬೆಳಿಗ್ಗೆ ಅವರಿಗೆ ಏಕಾದಶಿ ಯಾವಾಗ ಮುಗಿಯುತ್ತದೆಂದು ನೋಡುವುದಿತ್ತು.